ಅಪ್ಪನ ಮೂರು ಸಹಿ

“ಒಬ್ಬ ಮನುಷ್ಯ ತಾನು ತಾನೇ ಅಂತ ಎಷ್ಟು ಸಲ ಹೇಳ್ಬೇಕು?”

ಅಪ್ಪ ಇದನ್ನು ಕೇಳಿದ್ದು ಹೆಂಡತಿಯನ್ನಲ್ಲ, ಮಗಳನ್ನೂ ಅಲ್ಲ. ಗೋಡೆಗೆ ಒರಗಿಸಿದ್ದ ಔಷಧದಂಗಡಿಯ ಬೋರ್ಡಿನ ಕಡೆ ಮುಖ ಮಾಡಿ, ಕೈಯಲ್ಲಿ ಕುಂಚ ಹಿಡಿದು, ಅದನ್ನೇ ಕೇಳಿದ. ಬೋರ್ಡಿನ ಮೇಲೆ ‘ಔಷ’ ಅನ್ನುವಷ್ಟು ಮಾತ್ರ ಬಣ್ಣ ಕಂಡಿತ್ತು. ಉಳಿದದ್ದಿನ್ನೂ ಸೀಮೆಸುಣ್ಣದ ಗೆರೆ. ಅದಾದರೂ ಏನು ಉತ್ತರ ಕೊಟ್ಟೀತು?

ಪ್ರಶ್ನೆಗೆ ಕಾರಣವಾದದ್ದು ಚುಕ್ಕಿಯ ಕೈಯಲ್ಲಿತ್ತು. ವಾಪಸು ಬಂದ ಫಾರಂ. ಅದೂ ಎರಡನೆಯ ಸಲ.

ಚುಕ್ಕಿ ಎನ್ನುವುದು ಮನೆಯವರು ಇಟ್ಟ ಅಡ್ಡಹೆಸರು. ನಡೆಯಲು ಕಲಿಯುವ ಮೊದಲೇ ಅಪ್ಪನ ಹಸಿರು ಬಣ್ಣದ ಡಬ್ಬಿಗೆ ಕೈ ಅದ್ದಿ ನೆಲದ ತುಂಬ ಚುಕ್ಕಿ ಇಟ್ಟು ಸಂಪಾದಿಸಿದ ಹೆಸರು ಅದು. ಈಗ ಅವಳಿಗೆ ಇಪ್ಪತ್ತಮೂರು. ಮರದ ಹಲಗೆ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಅಚ್ಚೊತ್ತುವ ಕಲೆಯಲ್ಲಿ ಸ್ನಾತಕೋತ್ತರ ಓದಿಗೆ ದೊಡ್ಡ ಕಲಾಶಾಲೆಯಲ್ಲಿ ಸೀಟು ಸಿಕ್ಕಿತ್ತು. ಸೀಟೊಂದು ಸಿಕ್ಕರೆ ಆಯಿತೆ? ಫೀಸು ನೋಡಿದರೆ, ಪೇಟೆಯ ಅಂಗಡಿಗಳಿಗೆಲ್ಲ ಅಪ್ಪ ಎರಡೆರಡು ಬೋರ್ಡು ಬರೆದರೂ ಕೈಗೆಟುಕುವ ಹಾಗಿರಲಿಲ್ಲ. ಹಾಗಾಗಿ ಶಾಲೆಯ ಸಹಾಯಧನಕ್ಕೆ ಅರ್ಜಿ ಹಾಕಿದಳು. ಚಿತ್ರ ಕಳಿಸಿದಳು, ಸಂದರ್ಶನದಲ್ಲಿ ಬೆವರಿದಳು, ಕೊನೆಗೆ ಪಟ್ಟಿಯಲ್ಲಿ ಹೆಸರೂ ಬಂತು. ಬಾಕಿ ಉಳಿದದ್ದು ಒಂದೇ. ಮನೆಯ ಆದಾಯ ಇಷ್ಟೇ ಎಂದು ಅಪ್ಪ ಅಮ್ಮ ಇಬ್ಬರೂ ಮೂರು ಕಡೆ ಸಹಿ ಹಾಕಿಕೊಡಬೇಕು. ಇವತ್ತು ಸಂಜೆ ಐದರೊಳಗೆ ಆ ಫಾರಂ ಸರಿಯಾಗಿ ಮುಟ್ಟದಿದ್ದರೆ ಹಣ ಪಟ್ಟಿಯಲ್ಲಿ ಅವಳ ನಂತರ ಇರುವವರ ಪಾಲು.

ಅಮ್ಮನ ಸಹಿಯ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ. ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ಹದಿನೆಂಟು ವರ್ಷದಿಂದ ದಿನಕ್ಕೆರಡು ಸಲ ಹಾಜರಿ ಪುಸ್ತಕದಲ್ಲಿ ಹಾಕಿ ಹಾಕಿ ಅವಳ ಸಹಿ ಸವೆದ ನಾಣ್ಯದಂತೆ ನುಣುಪಾಗಿತ್ತು. ಮೂರು ಹಾಕಿದರೂ ಒಂದೇ, ಮುನ್ನೂರು ಹಾಕಿದರೂ ಒಂದೇ.

ಪೇಚಾಟವೆಲ್ಲ ಅಪ್ಪನದು. ಮೂವತ್ತು ವರ್ಷ ಊರಿನವರ ಹೆಸರನ್ನೆಲ್ಲ ಬರೆದವನಿಗೆ ತನ್ನ ಹೆಸರು ಬರೆಯುವ ಸಂದರ್ಭವೇ ಬಂದಿರಲಿಲ್ಲ. ಬ್ಯಾಂಕು, ಬಾಡಿಗೆ ಪತ್ರ ಎಲ್ಲ ಅಮ್ಮನ ಕೈಯಲ್ಲಿ. ಮೊದಲ ಸಲ ಫಾರಂ ಮುಂದಿಟ್ಟಾಗ ಕೈ ತೊಳೆದು ಒರೆಸಿಕೊಂಡು, ಉಸಿರು ಹಿಡಿದು, ದುಂಡಗೆ ಒಂದು ಸಹಿ ಹಾಕಿದ. ಎರಡನೆಯ ಪುಟಕ್ಕೆ ಬರುವಷ್ಟರಲ್ಲಿ ಅದು ಸಪ್ಪೆಯೆನಿಸಿತು. ಅಕ್ಷರಗಳನ್ನು ಕೊಂಚ ವಾಲಿಸಿ, ಕೊಂಬಿಗೆ ಸುಳಿ ಕೊಟ್ಟ. ಮೂರನೆಯದು ಇವೆರಡನ್ನೂ ಮೀರಿಸಬೇಡವೆ? ಬೋರ್ಡಿನ ಅಕ್ಷರಕ್ಕೆ ಕೊಡುವ ಹಾಗೆ ಅದಕ್ಕೆ ನೆರಳನ್ನೂ ಬರೆದ. ‘ಮೂರು ಸಹಿಗಳು ಮೂವರದಂತೆ ಕಾಣುತ್ತಿವೆ’ ಎಂದು ಕಚೇರಿಯವರು ಹಿಂದಿರುಗಿಸಿದರು.

ಎರಡನೆಯ ಸಲ ಅಪ್ಪ ಕಸುಬಿನ ಬುದ್ಧಿ ಓಡಿಸಿದ. ಒಂದೇ ಅಕ್ಷರ ಹತ್ತು ಬೋರ್ಡಿಗೆ ಬೇಕಾದರೆ ಅವನೇನು ಮಾಡುತ್ತಾನೆ? ಕಾಗದದ ಮೇಲೆ ಒಮ್ಮೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ತೂತು ಚುಚ್ಚಿ, ಬೋರ್ಡಿನ ಮೇಲೆ ಹಾಸಿ, ನೀಲಿ ಪುಡಿ ಕಟ್ಟಿದ ಬಟ್ಟೆಯ ಗಂಟಿನಿಂದ ತಟ್ಟುತ್ತಾನೆ. ತೂತುಗಳಿಂದ ಇಳಿದ ಪುಡಿಯ ಜಾಡು ಹಿಡಿದು ಕುಂಚ ಎಳೆಯುತ್ತಾನೆ. ಸಹಿಗೂ ಹಾಗೆಯೇ ಮಾಡಿದ. ಮೂರೂ ಸಹಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದವು. ತನ್ನ ಜಾಣತನಕ್ಕೆ ತಾನೇ ತಲೆದೂಗಿದ. ಇವತ್ತು ಬೆಳಿಗ್ಗೆ ಆ ಫಾರಂ ಕೂಡ ವಾಪಸು ಬಂತು: ‘ಯಾವುದೋ ಸಹಿಯನ್ನು ನಕಲು ಮಾಡಲಾಗಿದೆ. ನೀಲಿ ಪುಡಿಯ ಗುರುತುಗಳಿವೆ. ತಂದೆ ಖುದ್ದಾಗಿ ಬಂದು, ನಮ್ಮೆದುರು ಸಹಿ ಮಾಡತಕ್ಕದ್ದು.’

“ನನ್ನ ಸಹೀನ ನಾನೇ ಕದ್ದೆ ಅಂತಾರಲ್ಲ!”

“ಇನ್ನೇನಂತಾರೆ? ಪುಡಿನಾದ್ರೂ ಒರೆಸ್ಬಾರ್ದಿತ್ತಾ?” ಅಂದಳು ಚುಕ್ಕಿ. ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ.

ಅಮ್ಮ ಮೂಲೆಯಲ್ಲಿ ಕೂತು ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಯಾವುದೋ ಪದ್ಯಕ್ಕೆ ತುಟಿ ಅಲ್ಲಾಡುತ್ತಿತ್ತು. ಅವಳು ಹುಡುಗಿಯಾಗಿದ್ದಾಗ ಅವಳ ತಂದೆ ದಿನವೂ ಮನೆಯಲ್ಲಿ ರಾಗವಾಗಿ ಪದ್ಯ ಓದುತ್ತಿದ್ದರು. ಅಮ್ಮ ಕೂತು ಕೇಳಿದ್ದಷ್ಟೇ, ಪುಸ್ತಕ ಮುಟ್ಟಿದವಳಲ್ಲ. ಆದರೂ ನೂರಾರು ಪದ್ಯ ಅವಳ ನಾಲಿಗೆಯ ಮೇಲಿದ್ದವು. ಗಂಡ ಹಳೇ ಪತ್ರಿಕೆಯ ಅಂಚಿನಲ್ಲಿ ಸಹಿ ಅಭ್ಯಾಸ ಮಾಡುವುದನ್ನು ಕಡೆಗಣ್ಣಲ್ಲಿ ನೋಡಿದಳು. ಹನ್ನೆರಡು ಸಹಿ, ಹನ್ನೆರಡು ಅವತಾರ.

“ಅದನ್ನ ಹಾಗೆ ದುರುಗುಟ್ಕೊಂಡು ನೋಡ್ಬೇಡ್ರೀ,” ಅಂದಳು. “ಪದ್ಯ ಹೇಳೋವಾಗ ನಾಲಿಗೆ ಕಡೆ ಗಮನ ಹೋಯ್ತೋ, ಸಾಲು ತಪ್ಪುತ್ತೆ. ಗಮನ ಬೇರೆಲ್ಲೋ ಇರ್ಬೇಕು. ಆಗ ಅದರಷ್ಟಕ್ಕೆ ಅದೇ ಬರುತ್ತೆ.”

“ಅಕ್ಷರ ನೋಡದೆ ಬರಿಯೋಕೆ ನಾನೇನು ಡಾಕ್ಟ್ರಾ?”

ಅಮ್ಮ ಎದ್ದಳು. ಮಡಿಸಿದ ಬಟ್ಟೆಗಳಿಂದ ಅವನ ಒಳ್ಳೆಯ ಅಂಗಿ ತೆಗೆದು ಅವನತ್ತ ಎಸೆದಳು. “ಹೊರಡಿ. ಎರಡು ಗಂಟೆಯಾಯ್ತು. ನಂಗೆ ಸಂಜೆ ಪಾಳಿ ಇದೆ. ಏನಾಯ್ತು ಅಂತ ಫೋನ್ ಮಾಡೇ, ಚುಕ್ಕಿ.”

ಬಸ್ಸಿನಲ್ಲಿ ಅಪ್ಪ ಕಿಟಕಿಯ ಪಕ್ಕ ಕೂತು, ತೊಡೆಯ ಮೇಲೆ ಬೆರಳಿನಿಂದ ಹೆಸರು ಬರೆಯುತ್ತ, ಅಳಿಸುತ್ತ ಹೋದ. ಒಮ್ಮೆ ಮೆಲ್ಲಗೆ, “ನನ್ನಿಂದಾನೇ ನಿನ್ನ ಸೀಟು ತಪ್ಪೋಗುತ್ತೇನೋ ಮಗಳೇ,” ಅಂದ. ಅವನ ದನಿ ಅಷ್ಟು ಸಣ್ಣಗಾದದ್ದನ್ನು ಅವಳು ಎಂದೂ ಕೇಳಿರಲಿಲ್ಲ. ಏಣಿಯ ತುದಿಯಲ್ಲಿ ನಿಂತು ಕೆಳಗಿದ್ದವರಿಗೆಲ್ಲ ಗದರಿ ಹೇಳುತ್ತಿದ್ದ ದನಿ ಅದು. “ತಪ್ಪಲ್ಲ, ಸುಮ್ನಿರಪ್ಪಾ,” ಅಂದಳು. ಅಮ್ಮ ಆಗಲೇ ಸಹಿ ಹಾಕಿಕೊಟ್ಟಿದ್ದ ಹೊಸ ಫಾರಂ ಚೀಲದಲ್ಲಿದೆಯೇ ಎಂದು ಮತ್ತೊಮ್ಮೆ ನೋಡಿಕೊಂಡಳು.

ಸಹಾಯಧನ ವಿಭಾಗ ಮೂರನೆಯ ಮಹಡಿಯಲ್ಲಿತ್ತು. ಉದ್ದನೆಯ ಕೋಣೆ, ಕಡತ ತುಂಬಿದ ಕಬ್ಬಿಣದ ಕಪಾಟುಗಳು, ಕೊಂಚ ವಾಲಿಕೊಂಡು ತಿರುಗುವ ಫ್ಯಾನು. ಗಡಿಯಾರದಲ್ಲಿ ನಾಲ್ಕೂಕಾಲು. ಮೇಜಿನ ಹಿಂದೆ, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಮೇಡಂ. ಎರಡು ಸಲವೂ ಫಾರಂ ಹಿಂದಿರುಗಿಸಿದವರು ಅವರೇ.

“ಓ, ನೀಲಿ ಪುಡಿಯೋರು! ಬನ್ನಿ, ಕೂತ್ಕೊಳ್ಳಿ.” ಚುಕ್ಕಿ ಕೊಟ್ಟ ಹೊಸ ಫಾರಂ ಅನ್ನು ಅಪ್ಪನ ಮುಂದೆ ಸರಿಸಿದರು. “ನಿಮ್ಮ ಗುರುತಿನ ಚೀಟಿ ನೋಡಿದೆ. ನೀವು ನೀವೇ, ಅದ್ರಲ್ಲಿ ಅನುಮಾನ ಇಲ್ಲ. ಆದ್ರೆ ಆಡಿಟ್‌ನೋರು ನಿಮ್ಮ ಮುಖ ನೋಡಲ್ಲ, ಈ ಮೂರು ಸಹಿ ನೋಡ್ತಾರೆ. ಇದು ಕೊನೇ ಸಲ. ಇದೂ ಕೆಟ್ರೆ ನನ್ನ ಕೈಲಿ ಏನೂ ಇಲ್ಲ.”

ಅಪ್ಪ ಪೆನ್ನು ತೆಗೆದುಕೊಂಡ. ಅಂಗೈ ಬೆವರನ್ನು ಅಂಗಿಗೆ ಒರೆಸಿದ. ಕಾಗದಕ್ಕೆ ಮುಖ ತಾಗುವಷ್ಟು ಬಗ್ಗಿ, ಖಾಲಿ ಗೆರೆಯ ಉದ್ದ ಅಳೆದ, ಅಕ್ಷರಗಳ ಜಾಗ ಲೆಕ್ಕ ಹಾಕಿದ. ಪೆನ್ನಿನ ತುದಿ ಗಾಳಿಯಲ್ಲೇ ಒಂದು ಸುಳಿ ತಿರುಗಿಸಿತು.

ಆ ಸುಳಿ ಚುಕ್ಕಿಗೆ ಗೊತ್ತು. ಇನ್ನು ಅದಕ್ಕೆ ನೆರಳು ಬರುತ್ತದೆ. ನೆರಳು ಬಂದರೆ ಅವಳ ಸೀಟು ಹೋಯಿತು. ಗಮನ ಬೇರೆಲ್ಲೋ ಇರಬೇಕು ಅಂದಿದ್ದಳಲ್ಲ ಅಮ್ಮ. ಎಲ್ಲಿ? ಕೋಣೆಯನ್ನೆಲ್ಲ ಹುಡುಕಿದ ಅವಳ ಕಣ್ಣು ಮೇಡಂ ತಲೆಯ ಮೇಲಿನ ಗೋಡೆಯಲ್ಲಿ ನಿಂತಿತು.

“ಅಪ್ಪಾ, ಅಲ್ಲಿ ನೋಡು. ಆ ಬೋರ್ಡು.”

ಅಪ್ಪ ತಲೆಯೆತ್ತಿದ. ಗೋಡೆಯ ಮೇಲೆ ‘ಸಹಾಯಧನ ವಿಭಾಗ’ ಎಂದು ಬರೆದ ಹಲಗೆ. ಬರೆದ ಪುಣ್ಯಾತ್ಮ ಮೊದಲ ಅಕ್ಷರಗಳಿಗೆ ಧಾರಾಳವಾಗಿ ಜಾಗ ಕೊಟ್ಟು, ಕೊನೆಗೆ ಬರುವಷ್ಟರಲ್ಲಿ ಹಲಗೆಯೇ ಮುಗಿದು, ‘ಗ’ವನ್ನು ಅಂಚಿಗೆ ತುರುಕಿದ್ದ. ನೂಕುನುಗ್ಗಲಿನ ಬಸ್ಸಿನ ಬಾಗಿಲಲ್ಲಿ ಒಂದೇ ಕಾಲಲ್ಲಿ ಜೋತುಬಿದ್ದವನಂತೆ ಅದು ಅಲ್ಲಿ ನೇತಾಡುತ್ತಿತ್ತು.

“ಅಯ್ಯಯ್ಯೋ,” ಅಂದ ಅಪ್ಪ.

“ಇಲ್ಲಿ ಹಾಕಪ್ಪಾ,” ಎಂದು ಚುಕ್ಕಿ ಅವನ ಕೈಯನ್ನು ಮೆಲ್ಲಗೆ ಮೊದಲ ಗೆರೆಗೆ ತಂದಳು.

“ಯಾರಮ್ಮಾ ಅದನ್ನ ಬರ್ದಿದ್ದು? ಅಳತೆ ಬೇಡ್ವಾ? ಒಂದು ನೂಲು ಹಿಡಿಯೋಕೇನಾಗಿತ್ತು ರೋಗ?” ಕಣ್ಣು ಹಲಗೆಯಲ್ಲಿ, ಕೈ ಕಾಗದದಲ್ಲಿ. ಸರ್ರನೆ ಒಂದು ಸಹಿ ಬಿತ್ತು.

“ಹತ್ತು ವರ್ಷದಿಂದ ಹಾಗೇ ಇದೆ,” ಅಂದರು ಮೇಡಂ, ತಿರುಗಿ ನೋಡುತ್ತ.

“ಹತ್ತು ವರ್ಷ! ಅದರ ಕೆಳಗೆ ಕೂತ್ಕೊಂಡು ಹೇಗ್ರೀ ಊಟ ಸೇರುತ್ತೆ ನಿಮಗೆ?”

ಚುಕ್ಕಿ ಪುಟ ತಿರುಗಿಸಿದಳು. “ಇಲ್ಲಿ.” ಎರಡನೆಯದು ಬಿತ್ತು.

“ಆ ‘ಭಾ’ ನೋಡಿ, ಹೊಟ್ಟೆ ಉಬ್ಬರ ಆದ ಹಾಗಿದೆ...”

“ಇಲ್ಲಿ.” ಮೂರನೆಯದೂ ಬಿತ್ತು.

ಚುಕ್ಕಿ ಫಾರಂ ಎಳೆದುಕೊಂಡು ಮೇಡಂ ಕೈಗೆ ಕೊಟ್ಟೇಬಿಟ್ಟಳು. ಮೇಡಂ ಕನ್ನಡಕ ಏರಿಸಿ, ಪುಟ ಹಿಂದೆ ಮುಂದೆ ತಿರುಗಿಸಿ, ಬೆರಳಿಟ್ಟು ಒಂದೊಂದೇ ನೋಡಿದರು. ಮೂರೂ ಕೋಳಿ ಕೆರೆದ ಹಾಗಿದ್ದವು. ಮೂರೂ ಒಂದೇ ಕೋಳಿ ಕೆರೆದ ಹಾಗಿದ್ದವು.

ಮೊಹರು ಎತ್ತಿ ಮಸಿಗೆ ಒತ್ತಿದರು. ಧಪ್. ಮತ್ತೊಂದು ಪುಟಕ್ಕೆ, ಧಪ್. ಹಲಗೆಯಿಂದ ಕಾಗದಕ್ಕೆ ಅಚ್ಚು ಇಳಿಯುವ ಸದ್ದನ್ನು ಸಾವಿರ ಸಲ ಕೇಳಿದ್ದ ಚುಕ್ಕಿಗೆ ಇಷ್ಟು ಚೆಂದದ ಸದ್ದು ಯಾವತ್ತೂ ಕೇಳಿದ ನೆನಪಿರಲಿಲ್ಲ.

“ಆಯ್ತಮ್ಮಾ. ಎರಡು ವರ್ಷದ್ದೂ ಮಂಜೂರಾಗುತ್ತೆ. ಹೋಗಿ ಓದ್ಕೋ,” ಅಂದರು ಮೇಡಂ.

ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಉಸಿರು ಚುಕ್ಕಿಯ ಎದೆಯಿಂದ ಇಳಿಯಿತು. ಅಪ್ಪನ ಪಕ್ಕದ ಕುರ್ಚಿಯಲ್ಲಿ ಕೂತಳು. ಕೋಣೆಗೆ ಕಿಟಕಿಯಿದೆ, ಕಿಟಕಿಯಾಚೆ ಬಿಸಿಲಿದೆ ಎನ್ನುವುದು ಈಗ ಕಾಣಿಸಿತು. ಅಮ್ಮನಿಗೆ ಫೋನು ಮಾಡಿದಳು. “ಆಯ್ತಮ್ಮಾ,” ಅಂದಳು. ಅತ್ತಲಿಂದ ಒಗೆಯುವ ಯಂತ್ರಗಳ ಗದ್ದಲ ಕೇಳಿಸಿತು. ಅದರ ನಡುವೆಯೇ ಅಮ್ಮ ಒಂದು ಪದ್ಯದ ಸಾಲನ್ನು ಗುನುಗಿ ಫೋನಿಟ್ಟಳು.

ಅಪ್ಪ ಇದ್ಯಾವುದನ್ನೂ ಗಮನಿಸಿರಲಿಲ್ಲ. ಹಲಗೆಯಿಂದ ಕಣ್ಣು ಕಿತ್ತು, ಮೇಡಂ ಕೈಯಲ್ಲಿದ್ದ ಫಾರಂ ಅನ್ನು ಈಗಷ್ಟೇ ಕಂಡಿದ್ದ. ತಾನು ಹಾಕಿದ್ದು ಅದೇನಾ ಎಂದು ಇಣುಕಿದ. ಮುಖ ಬಿಳಿಚಿತು.

“ಮೇಡಂ, ದಮ್ಮಯ್ಯ ಅಂತೀನಿ,” ಅಂದ, ಎರಡೂ ಕೈ ಚಾಚಿ. “ಒಂದೇ ನಿಮಿಷ ಈ ಕಡೆ ಕೊಡಿ. ಆ ಮೂರನೇದರ ಬಾಲ ಒಂಚೂರು ತಿದ್ದಿ ಕೊಟ್ಬಿಡ್ತೀನಿ.”

ಮೇಡಂ ಫಾರಂ ಅನ್ನು ಡ್ರಾಯರಿಗೆ ಹಾಕಿದರು, ಬೀಗ ತಿರುಗಿಸಿದರು, ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

“ಕೊಡಲ್ಲ,” ಅಂದರು.