ಕಿವಿಯೆತ್ತರದ ಕೈ

ದೋಣಿಯಲ್ಲಿ ಹೈಮಕ್ಕನಿಗೆ ಮುಂದಿನ ನೀರು ಕಾಣುತ್ತಿರಲಿಲ್ಲ. ನನ್ನ ಮುಖ ಕಾಣುತ್ತಿತ್ತು.

ಹುಟ್ಟು ಹಾಕುವ ನಾಲ್ವರೂ ಗುರಿಗೆ ಬೆನ್ನು ಮಾಡಿ ಕೂರುತ್ತಾರೆ. ದೋಣಿಯ ತುದಿಯಲ್ಲಿ ಚುಕ್ಕಾಣಿ ಹಿಡಿದು ಅವರಿಗೆ ಎದುರಾಗಿ ಕೂತವಳೊಬ್ಬಳೇ ದಾರಿ ನೋಡುವವಳು. ನಾನು ಹಗುರ ಎಂಬ ಒಂದೇ ಕಾರಣಕ್ಕೆ ಆ ಜಾಗ ನನಗೆ ಸಿಕ್ಕಿತ್ತು. ಕೂಗಿ ಹೇಳಬೇಕಾದ ಜಾಗವದು. ನನ್ನ ದನಿಯೋ ಗಂಟಲು ದಾಟುತ್ತಿರಲಿಲ್ಲ. ನಾನು "ಇನ್ನೂ ಜೋರು" ಎಂದು ಗೊಣಗಿದರೆ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತ ಹೈಮಕ್ಕ ಹಿಂದಿನವರಿಗೆ ಕೇಳುವಂತೆ, "ಎಳೀರೇ! ಬೆಳಿಗ್ಗೆ ಏನೂ ತಿಂದಿಲ್ವಾ?" ಎಂದು ಕೂಗುತ್ತಿದ್ದಳು. ಆಮೇಲೆ ನನಗೆ ಮಾತ್ರ, "ನೀನು ನೋಡ್ತಿರು, ನಾನು ಅರಚ್ತೀನಿ."

ವಿಶ್ವವಿದ್ಯಾಲಯದ ಪಂದ್ಯವನ್ನು ಅವಳು ಅದಾಗಲೇ ಎರಡು ಸಲ ಗೆದ್ದಿದ್ದಳು. ಅದು ಅವಳ ಕೊನೆಯ ವರ್ಷ. ಇನ್ನೊಮ್ಮೆ ಗೆದ್ದರೆ ದೇಶದ ತಂಡದಲ್ಲಿ ಜಾಗ ಖಚಿತವೆಂದು ಎಲ್ಲರೂ ಹೇಳುತ್ತಿದ್ದರು.

ಆ ವರ್ಷದ ಪಂದ್ಯದಲ್ಲಿ, ಕೆರೆಯ ನಡುವೆ ಪಕ್ಕದ ದೋಣಿ ನಮ್ಮ ಸಾಲಿಗೆ ವಾಲಿ ಬಂತು. ಅವರ ಹುಟ್ಟು ನಮ್ಮದಕ್ಕೆ ಬಡಿದು, ನಮ್ಮ ದೋಣಿ ಒಂದು ಕ್ಷಣ ತಡವರಿಸಿತು. ಆ ಒಂದು ಕ್ಷಣದಲ್ಲಿ ಸೋತೆವು.

ಇಂಥದ್ದಕ್ಕೆ ಒಂದು ಕ್ರಮವಿತ್ತು. ದೂರಿದ್ದರೆ ಚುಕ್ಕಾಣಿಯವಳು ನೀರಿನ ಮೇಲಿರುವಾಗಲೇ ಕೈ ಎತ್ತಬೇಕು. ದೋಣಿ ದಡ ಮುಟ್ಟಿದ ಮೇಲೆ ಆಡಿದ ಮಾತಿಗೆ ಬೆಲೆಯಿಲ್ಲ. ಗುರಿ ದಾಟಿದೊಡನೆ ನಾನು ಕೈ ಎತ್ತಿದೆ, ಕಿವಿಯವರೆಗೆ. ಅದಕ್ಕಿಂತ ಮೇಲೆ ಹೋಗಲು ನನ್ನ ಕೈಗೆ ಅಭ್ಯಾಸವಿರಲಿಲ್ಲ. ತೀರ್ಪುಗಾರರ ದೋಣಿ ಗೆದ್ದವರ ಕಡೆ ತಿರುಗಿತ್ತು. ತೋಳು ಸೋಲುವವರೆಗೂ ಹಾಗೇ ಹಿಡಿದಿದ್ದೆ. ಅವರು ಇತ್ತ ನೋಡಲಿಲ್ಲ. ನಮ್ಮ ದೋಣಿ ತಾನಾಗಿಯೇ ತೇಲಿ ದಡ ಮುಟ್ಟಿತು.

"ಇವಳಾ ಕೈ ಎತ್ತೋದು? ಕ್ಲಾಸಲ್ಲಿ ಹಾಜರಿಗೂ ಎತ್ತೋಳಲ್ಲ!" ಎಂದು ನಳಿನಾಕ್ಷಿ ಹುಟ್ಟನ್ನು ನೆಲಕ್ಕೆ ಎಸೆದಳು. ಅವಳು ಹೈಮಕ್ಕನ ಹಿಂದೆಯೇ ಕೂರುತ್ತಿದ್ದವಳು.

ಹೈಮಕ್ಕ ನನ್ನನ್ನೇ ಕೇಳಿದಳು. "ಎತ್ತಿದ್ಯಾ?"

ಹೌದೆಂದು ತಲೆಯಾಡಿಸಿದೆ. ಅಷ್ಟೇ. ಒದ್ದೆ ಬಟ್ಟೆಯಲ್ಲೇ ಅವಳು ತೀರ್ಪುಗಾರರ ಶಾಮಿಯಾನದೊಳಗೆ ನುಗ್ಗಿದಳು. ಹೊರಗೆ ನಿಂತ ನನಗೆ ಕೇಳಿಸಿದ್ದು, "ನಮ್ಮ ಹುಡುಗಿ ಕೈ ಎತ್ತಿದ್ದಾಳೆ ಸಾರ್" ಎಂಬ ಒಂದೇ ಮಾತು. ಆಮೇಲೆ ದನಿಗಳು ತಗ್ಗಿದವು. ಹೊರಬಂದವಳು, "ಆಗ್ಲಿಲ್ಲ, ನಡಿ" ಎಂದಳು.

ಅವಳು ಹಾಗೆ ಕೇಳಿದ್ದು ನಳಿನಾಕ್ಷಿಗೆ ಕೇಳಿಸಲೆಂದೇ ಅಂದುಕೊಂಡೆ. ನನ್ನೆದುರಿಗೇ ಕೂತಿದ್ದವಳ ಕಣ್ಣನ್ನೂ ಅವರು ನಂಬಲಿಲ್ಲವಲ್ಲ ಎಂದು ನಾನು ಬಹುಕಾಲ ಕುದಿದೆ.

ದೇಶದ ತಂಡ ಅವಳಿಲ್ಲದೆ ಹೊರಟಿತು. ಅವಳು ಕಾನೂನು ಓದಲು ಸೇರಿದಳು. ಕರಿಕೋಟು ತೊಟ್ಟು, ತಂಡದಿಂದ ಕಾರಣವಿಲ್ಲದೆ ಕೈಬಿಟ್ಟ ಓಟಗಾರ್ತಿಯರ, ಕುಸ್ತಿ ಹುಡುಗರ ಪರವಾಗಿ ವಾದಿಸಿದಳು. ಕೊನೆಗೆ ದೋಣಿ ಸಂಘದ ಅಧ್ಯಕ್ಷೆಯೂ ಆದಳು. ಮೊದಲ ಸಭೆಯಲ್ಲೇ ಒಂದು ನಿಯಮ ತಂದಳು: ಪಂದ್ಯ ಮುಗಿದೊಡನೆ ತೀರ್ಪುಗಾರರು ಪ್ರತಿ ದೋಣಿಯ ಬಳಿಗೂ ಹೋಗಿ, "ಹೇಳೋದೇನಾದ್ರೂ ಇದೆಯಾ?" ಎಂದು ಕೇಳಬೇಕು, ಕೇಳಿ, ಕಾಯಬೇಕು.

"ಮಕ್ಕಳಿಗೆ ತುತ್ತು ಬೇಕಾ ಅಂತ ಕೇಳಿದ ಹಾಗೆ ಕೇಳ್ಬೇಕೇನಮ್ಮಾ?" ಎಂದು ಹಳಬರೊಬ್ಬರು ನಕ್ಕರಂತೆ.

"ಹಾಗೇ ಕೇಳ್ಬೇಕು ಸಾರ್," ಎಂದಳಂತೆ.

ಆ ನಿಯಮದ ಮೊದಲ ಪಂದ್ಯಕ್ಕೆ ನನ್ನನ್ನು ಕರೆದಿದ್ದಳು. ಕೆರೆಯ ಮೆಟ್ಟಿಲ ಮೇಲೆ, ಹಳೆಯ ರೂಢಿಯೋ ಏನೋ, ನೀರಿಗೆ ಬೆನ್ನು ಮಾಡಿ ನನ್ನೆದುರು ಕೂತಳು. ಇಷ್ಟು ವರ್ಷ ಗಂಟಲಲ್ಲೇ ಉಳಿದಿದ್ದನ್ನು ಆಗ ಕೇಳಿದೆ.

"ನೀನು ಕಣ್ಣಾರೆ ನೋಡಿದ್ರೂ ಅವರು ಯಾಕೆ ನಂಬಲಿಲ್ಲ ಹೈಮಕ್ಕಾ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ನಾನೆಲ್ಲಿ ನೋಡಿದ್ನೇ? ಗುರಿ ದಾಟಿದ ಮೇಲೆ ಉಸಿರು ಸಿಗದೆ ಮೊಣಕಾಲಿಗೆ ತಲೆಯಿಟ್ಟು ಬಿದ್ದಿದ್ದೆ. ಅವರೂ ಅದನ್ನೇ ಕೇಳಿದ್ರು, 'ನೀವು ನೋಡಿದ್ರಾ?' ಅಂತ. 'ಇಲ್ಲ' ಅಂದೆ."

"ಹೂಂ ಅಂದಿದ್ರೆ?"

"ಪಂದ್ಯ ಮತ್ತೆ ನಡೀತಿತ್ತು."

ದೇಶದ ತಂಡ ಒಂದು 'ಹೂಂ'ನಾಚೆ ಇತ್ತು.

"ಆ ಒಂದು ಸುಳ್ಳು..."

"ಹೇಳಿದ್ರೆ ನೀನು ನಿಜವಾಗಿ ಎತ್ತಿದ ಕೈಯೂ ಸುಳ್ಳಿನ ಜೊತೆ ಸೇರಿಹೋಗ್ತಿತ್ತು ಕಣೇ. ಎತ್ತಿದೀನಿ ಅಂದೆ ನೀನು. ನನಗಷ್ಟು ಸಾಕಾಗಿತ್ತು. ಅವರಿಗೂ ಅಷ್ಟೇ ಸಾಕಾಗ್ಬೇಕಿತ್ತು ಅನ್ನೋದೇ ನನ್ನ ಸಿಟ್ಟು."

ಅಷ್ಟರಲ್ಲಿ ಅವಳ ಬೆನ್ನ ಹಿಂದೆ ಪಂದ್ಯ ಮುಗಿಯಿತು. ತೀರ್ಪುಗಾರರ ದೋಣಿ ಕೊನೆಯದಾಗಿ ಬಂದವರ ಪಕ್ಕದಲ್ಲೂ ಹೋಗಿ ನಿಂತಿತು. ಅಲ್ಲಿ ಚುಕ್ಕಾಣಿ ಹಿಡಿದು ಕೂತಿದ್ದ ಕಡ್ಡಿಯಂಥ ಹುಡುಗಿ ತಲೆ ತಗ್ಗಿಸಿದ್ದಳು. ಅವರು ಕಾದರು. ನೀರು ಅಲುಗಾಡುವುದನ್ನು ನಿಲ್ಲಿಸಿತು.

ಹೈಮಕ್ಕ ಹಿಂತಿರುಗಿ ನೋಡಲಿಲ್ಲ. ಆಗಿನಂತೆಯೇ ನನ್ನ ಮುಖದಲ್ಲಿ ಕಣ್ಣು ನೆಟ್ಟು ಕೇಳಿದಳು.

"ಎತ್ತಿದಳಾ?"

ಆ ಹುಡುಗಿಯ ಕೈ ನಿಧಾನವಾಗಿ ಕಿವಿಯವರೆಗೆ ಬಂದು, ಅಲ್ಲೇ ನಿಂತಿತು.