ಹೆಸರು, ವಿವರ ಬದಲಿಸಲಾಗಿದೆ

ಸಮುದಾಯ ಭವನದಲ್ಲಿ ವಿಶ್ವವಿದ್ಯಾಲಯದವರು ತಂದಿಟ್ಟ ಹ್ಯಾಮ್ ಸ್ಯಾಂಡ್‌ವಿಚ್‌ಗಳು ಖಾಲಿಯಾಗುವ ಹೊತ್ತಿಗೆ ಅವರೇ ಹಂಚಿದ ಹೊಸ ಪುಸ್ತಕದಲ್ಲಿ ಲೊರೇನ್‌ಗೆ ತನ್ನ ಮಾತು ಅಚ್ಚಾಗಿದ್ದ ಪುಟ ಸಿಕ್ಕಿತು. ತಟ್ಟೆಯಲ್ಲಿದ್ದ ಕೇಕಿನ ತುಂಡು ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳುವ ನೆಪದಲ್ಲಿ ಬಗ್ಗಿ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಗಮನಿಸಿದಳು. ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಪುಸ್ತಕದಲ್ಲಿ ತಮ್ಮನ್ನೇ ಹುಡುಕಿಕೊಳ್ಳುತ್ತಿದ್ದರು.

ಉಕ್ಕಿನ ಕಾರ್ಖಾನೆ ಮುಚ್ಚಿದ ಮೇಲೆ ಇಂಗ್ಲೆಂಡಿನ ಮಿಡಲ್ಸ್‌ಬ್ರೋದ ಈ ಬೀದಿಗಳಲ್ಲಿ ಜನ ಹೇಗೆ ಬದುಕುತ್ತಾರೆ, ಯಾರನ್ನು ನಂಬುತ್ತಾರೆ, ಕಳ್ಳತನವಾದರೆ ಯಾರಿಗೆ ಹೇಳುತ್ತಾರೆ ಎಂಬುದು ಪುಸ್ತಕದ ವಿಷಯ. ಕೊನೆಯ ಪ್ರಶ್ನೆಗೆ ಎಲ್ಲ ಮನೆಯದೂ ಒಂದೇ ಉತ್ತರ: ಪೊಲೀಸರಿಗಂತೂ ಹೇಳುವುದಿಲ್ಲ. ಲೊರೇನ್ ಮಾತ್ರ ಪೊಲೀಸರಿಗೆ ಫೋನ್ ಮಾಡಿ ಹೇಳಿದ್ದಳು. ಅವಳ ಅಕ್ಕ ಬ್ರೆಂಡಾಳ ಮಗ ಡೀನ್ ಮುದುಕ ವಿಲ್ಫ್‌ನ ಮನೆಗೆ ನುಗ್ಗಿ, ಅಡ್ಡ ಬಂದವನನ್ನು ಮೆಟ್ಟಿಲ ಮೇಲಿಂದ ತಳ್ಳಿದ ದಿನ, ನೇರ ಚಿಕ್ಕಮ್ಮನ ಮನೆಗೆ ಬಂದು ಜಾಕೆಟ್ಟನ್ನು ಅವಳ ಬಟ್ಟೆ ಒಗೆಯುವ ಯಂತ್ರಕ್ಕೆ ತುರುಕಿದ್ದ. ವಿಲ್ಫ್‌ಗೆ ಆಮೇಲೆ ಮಾತು ಬರಲಿಲ್ಲ, ಬಹಳ ಕಾಲ ಬದುಕಲೂ ಇಲ್ಲ. ಡೀನ್ ಜೈಲು ಸೇರಿದ. ಫೋನ್ ಮಾಡಿದವರು ಯಾರೆಂದು ಬ್ರೆಂಡಾ ಇಂದಿಗೂ ಹುಡುಕುತ್ತಿದ್ದಳು.

ಇದನ್ನೆಲ್ಲ ಲೊರೇನ್ ಹೇಳಿಕೊಂಡಿದ್ದು ಹೆಸ್ಟರ್ ಎಂಬ ಸಂಶೋಧಕಿಯ ಹತ್ತಿರ ಮಾತ್ರ. ಆ ಹುಡುಗಿಗೆ ಪ್ರಶ್ನೆ ಕೇಳಿ ಸುಮ್ಮನಿರುವ ಕಲೆ ಗೊತ್ತಿತ್ತು. ಅಡುಗೆಮನೆಯ ಆ ಮೌನವನ್ನು ತಡೆಯಲಾರದೆ ಲೊರೇನ್ ಬಾಯಿ ಬಿಟ್ಟಿದ್ದಳು. "ನಿಮ್ಮ ಹೆಸರು, ಕೆಲಸ, ಸಂಸಾರ, ಎಲ್ಲಾನೂ ಬದಲಾಯಿಸ್ತೀನಿ. ನಿಮ್ಮ ಸ್ವಂತ ಅಕ್ಕನಿಗೂ ಗೊತ್ತಾಗಲ್ಲ," ಎಂದು ಹೆಸ್ಟರ್ ಮಾತು ಕೊಟ್ಟಿದ್ದಳು.

ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಳು ಕೂಡ. ಶಾಲೆಯ ಅಡುಗೆಯವಳು, ವಿಧವೆ, ಇಬ್ಬರು ಗಂಡುಮಕ್ಕಳ ತಾಯಿ ಲೊರೇನ್ ಪುಸ್ತಕದಲ್ಲಿ 'ಜಾನೆಟ್' ಆಗಿದ್ದಳು. ಜಾನೆಟ್ ಮನೆಯಲ್ಲೇ ಹೆಂಗಸರ ಕೂದಲು ಕತ್ತರಿಸುತ್ತಾಳೆ. ಗಂಡನಿಗೆ ಶ್ವಾಸಕೋಶದ ಕಾಯಿಲೆ. ಒಬ್ಬಳೇ ಮಗಳು, ಹೊರದೇಶದಲ್ಲಿದ್ದಾಳೆ. ಅಕ್ಕನ ಮಗ ಪಕ್ಕದ ಮನೆಯ ಹುಡುಗನಾಗಿದ್ದ.

ಎಷ್ಟು ಚೆನ್ನಾಗಿ ಮರೆಮಾಡಿದ್ದಾಳೆ ಎಂದುಕೊಂಡಳು ಲೊರೇನ್. ಉಸಿರು ಸಲೀಸಾಯಿತು. ಮತ್ತೊಮ್ಮೆ ಓದಿದಳು. ಆಗ ಅವಳಿಗೆ ಆ ಹೆಂಗಸಿನ ಗುರುತು ಹತ್ತಿತು.

ಅದು ಗ್ಲೆನಿಸ್.

ಕೂದಲು ಕತ್ತರಿಸುವ ಗ್ಲೆನಿಸ್. ಆಮ್ಲಜನಕದ ಯಂತ್ರ ಹಚ್ಚಿಕೊಂಡು ಕೂತಿರುವ ಕ್ಲಿಫ್‌ನ ಹೆಂಡತಿ. ಬ್ರೆಂಡಾಳ ಪಕ್ಕದ ಮನೆಯವಳು. ಇಡೀ ಬೀದಿಯಲ್ಲಿ ಹೆಸ್ಟರಳನ್ನು ಒಳಗೆ ಬಿಡದವಳು ಅವಳೊಬ್ಬಳೇ. "ನಮ್ಮನೆ ಮೃಗಾಲಯ ಅಲ್ಲಮ್ಮ," ಎಂದು ಬಾಗಿಲು ಹಾಕಿಕೊಂಡಿದ್ದಳು. ಆ ಬಾಗಿಲ ಹಿಂದೆ ಏನಿದೆ ಎಂದು ತಿಳಿಯದ ಹೆಸ್ಟರ್, ಎಲ್ಲೂ ಇಲ್ಲದ ಹೆಂಗಸೊಬ್ಬಳನ್ನು ಕಲ್ಪಿಸುತ್ತಿದ್ದೇನೆ ಎಂದುಕೊಂಡು ಇವಳನ್ನೇ ಚಿತ್ರಿಸಿಬಿಟ್ಟಿದ್ದಳು.

ಅಷ್ಟರಲ್ಲಿ ಬ್ರೆಂಡಾಳ ದನಿ ಎದ್ದಿತು. ಅವಳು ಆ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದಳು.

"'ಆ ಹುಡುಗನ್ನ ತೊಟ್ಟಿಲಲ್ಲಿದ್ದಾಗಿಂದ ನೋಡಿದೀನಿ. ಆದ್ರೂ ಫೋನ್ ಎತ್ತಿದೆ. ಅವತ್ತು ಒಳ್ಳೆ ನಿದ್ದೆ ಬಂತು.' ಕೇಳಿದ್ರೇನ್ರೇ? ನಿದ್ದೆ ಬಂತಂತೆ! ನನ್ನ ಮಗನ್ನ ಒಳಗೆ ಹಾಕ್ಸಿ ನಿದ್ದೆ ಹೊಡೆದ್ಲಂತೆ!"

"ಮಗಳು ಹೊರದೇಶ ಅಂತ ಬೇರೆ ಬರ್ದಿದಾರೆ," ಎಂದಿತು ಹಿಂದಿನ ಸಾಲಿನ ಒಂದು ದನಿ. "ಗ್ಲೆನಿಸ್ ಮಗಳು ಇರೋದು ಸ್ಪೇನಲ್ಲಿ."

"ಸ್ಪೇನ್ ಮತ್ತೇನು ನಮ್ಮ ಹಿತ್ತಲೇನೇ?"

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಆ ಪುಟವನ್ನು ಮತ್ತೆ ತೆರೆದು ನೋಡಿದರು. ಗೋಡೆಯ ಪಕ್ಕ ನಿಂತಿದ್ದ ಹೆಸ್ಟರ್ ತನ್ನ ಪ್ರೊಫೆಸರ್ ಕಡೆ ತಿರುಗಿ ಮುಗುಳ್ನಕ್ಕಳು. ಜನ ಪುಸ್ತಕವನ್ನು ಗಟ್ಟಿಯಾಗಿ ಓದಿಕೊಳ್ಳುತ್ತಿರುವುದು ಅವಳಿಗೆ ಸಂತೋಷವಾಗಿತ್ತು.

ಲೊರೇನ್ ಅವಳನ್ನು ಕೋಟು ತೂಗುಹಾಕುವ ಮೂಲೆಗೆ ಕರೆದುಕೊಂಡು ಹೋದಳು.

"ಗ್ಲೆನಿಸ್ ಅಂತ ತಿಳ್ಕೊಂಡಿದಾರೆ. ಅವಳಲ್ಲ ಅಂತ ಹೇಳಿ. ಅಷ್ಟೇ ಹೇಳಿ, ಸಾಕು."

ಹೆಸ್ಟರಳ ಮುಖ ಬಿಳಿಚಿಕೊಂಡಿತು. "ಗ್ಲೆನಿಸ್ ಅಂದ್ರೆ ಯಾರು?"

ಲೊರೇನ್ ವಿವರಿಸಿದಳು. ಹೆಸ್ಟರ್ ತಲೆಯಾಡಿಸಿದಳು. "ನಾನು ಹಾಗೆ ಹೇಳೋ ಹಾಗಿಲ್ಲ. ಒಬ್ಬರನ್ನ ಅಲ್ಲ ಅಂದ್ರೆ ಇನ್ನೊಬ್ಬರ ಹೆಸರು ಕೇಳ್ತಾರೆ, ಅವರೂ ಅಲ್ಲ ಅಂದ್ರೆ ಮತ್ತೊಬ್ಬರು. ಕೊನೆಗೆ ನಿಮ್ಮ ಹತ್ತಿರಾನೇ ಬರ್ತಾರೆ. ನಾನು ಮಾತು ಕೊಟ್ಟಿರೋದು ನಿಮಗೆ."

"ಅವಳ ಗತಿ?"

"ನೀವೇ ಹೇಳಬಹುದಲ್ವಾ? ಅದಕ್ಕೆ ನನ್ನ ಅಡ್ಡಿ ಇಲ್ಲ. ಅದು ನಿಮ್ಮ ಕಥೆ." ಇದನ್ನು ಹೇಳುವಾಗ ಹೆಸ್ಟರಳ ದನಿಯಲ್ಲಿ ನಿಜವಾದ ಮರುಕವಿತ್ತು.

ಲೊರೇನ್ ತನ್ನ ಕೋಟು ತೆಗೆದುಕೊಂಡು ಮನೆಗೆ ಹೋದಳು.

ನಾಳೆ ಹೇಳೋಣ ಎಂದುಕೊಂಡಳು. ಮರುದಿನ ಗ್ಲೆನಿಸಳ ಕಿಟಕಿಗೆ ಮೊಟ್ಟೆ ಬಿದ್ದಿತ್ತು. ಆಮೇಲೆ ಬಾಗಿಲಿನ ಟಪಾಲು ಕಿಂಡಿಯಿಂದ ಯಾರೋ ನಾಯಿಯ ಹೇಲನ್ನು ಒಳಗೆ ಸುರಿದರು. ಕೂದಲು ಕತ್ತರಿಸಿಕೊಳ್ಳಲು ಯಾರೂ ಹೋಗಲಿಲ್ಲ. ತನ್ನ ಸರದಿ ಬಂದಾಗ ಲೊರೇನ್ ಕೂಡ ಹೋಗಲಿಲ್ಲ. ಅಂಗಡಿಯಲ್ಲಿ ಗ್ಲೆನಿಸ್ ಹಾಲಿನ ಡಬ್ಬಿ ಹಿಡಿದು ನಿಂತಿದ್ದರೆ ಅವಳ ಹಿಂದೆ ಯಾರೂ ಸಾಲು ನಿಲ್ಲುತ್ತಿರಲಿಲ್ಲ. ಹೇಳುವುದು ದಿನದಿಂದ ದಿನಕ್ಕೆ ಕಷ್ಟವಾಯಿತು. ಈಗ ಹೇಳಿದರೆ ಫೋನ್ ಮಾಡಿದ್ದರ ಜೊತೆಗೆ ಇಷ್ಟು ದಿನ ಸುಮ್ಮನಿದ್ದದ್ದನ್ನೂ ಹೇಳಬೇಕಿತ್ತು.

ಶನಿವಾರ ಮಧ್ಯಾಹ್ನ ಬ್ರೆಂಡಾ ಬಂದಳು. ಕೂರಲಿಲ್ಲ.

"ಏಳೇ. ಅವಳ ಮನೆಗೆ ಹೋಗೋಣ."

"ಯಾಕೆ?"

"ಯಾಕೆ ಅಂತಾಳೆ ನೋಡು! ಅವಳ ಬಾಯಿಂದಾನೇ ಕೇಳ್ಬೇಕು ನಾನು. ನಾನು ತಟ್ಟಿದ್ರೆ ಬಾಗಿಲು ತೆಗ್ಯಲ್ಲ. ನೀನು ತಟ್ಟು. ನಿನಗೆ ತೆಗೀತಾಳೆ."

ಲೊರೇನ್ ಬಾಯಿ ತೆರೆದಳು. ಬ್ರೆಂಡಾಳ ಕಣ್ಣು ಕೆಂಪಾಗಿ ಊದಿಕೊಂಡಿತ್ತು. ಇವಳು ನನ್ನ ಅಕ್ಕ, ಇವಳನ್ನು ಬಿಟ್ಟರೆ ನನಗೆ ಈ ಬೀದಿಯಲ್ಲಿ ಯಾರಿದ್ದಾರೆ ಎನ್ನಿಸಿತು. "ನಡಿ," ಎಂದಳು.

ಬಾಗಿಲು ಒಳಗಿನ ಸರಪಳಿ ಬಿಟ್ಟಷ್ಟೇ ತೆರೆಯಿತು. ಸಂದಿಯಲ್ಲಿ ಗ್ಲೆನಿಸಳ ಮುಖ ಕಂಡಿತು. "ಅಯ್ಯೋ ಲೊರೇನ್, ನೀನಾ! ಬಾರೇ, ನೀನಾದ್ರೂ ಬಂದ್ಯಲ್ಲ," ಎಂದು ಸರಪಳಿ ಕಳಚಿದಳು. ಗೋಡೆಗೆ ಒತ್ತಿಕೊಂಡು ನಿಂತಿದ್ದ ಬ್ರೆಂಡಾ ಅವಳನ್ನು ತಳ್ಳಿಕೊಂಡು ಒಳಗೆ ಹೋದಳು.

ಕ್ಲಿಫ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದ. ಮೂಗಿಗೆ ನಳಿಕೆ. ಯಂತ್ರ ಗುಂಯ್ ಎನ್ನುತ್ತಿತ್ತು. ಏಳಲು ನೋಡಿ ಕೆಮ್ಮಿ ಕುಸಿದ.

"ಹೇಳು. ನೀನೇ ತಾನೆ ಫೋನ್ ಮಾಡಿದ್ದು?"

"ಆಣೆ ಮಾಡಿ ಹೇಳ್ತೀನಿ ಬ್ರೆಂಡಾ, ಆ ಹುಡುಗೀನ ಒಳಗೇ ಬಿಟ್ಟಿಲ್ಲ ನಾನು!"

"ಹಂಗಾದ್ರೆ ಕ್ಲಿಫ್ ಕಾಯಿಲೆ ಅವಳಿಗೆ ಕನಸಲ್ಲಿ ಬಿತ್ತೇನೇ?" ಬ್ರೆಂಡಾ ಗೋಡೆಯ ಹತ್ತಿರ ಹೋಗಿ ಯಂತ್ರದ ಸ್ವಿಚ್ಚಿನ ಮೇಲೆ ಬೆರಳಿಟ್ಟಳು. "ಹೇಳು."

"ಬ್ರೆಂಡಾ, ಬೇಡ! ಲೊರೇನ್, ನೀನಾದ್ರೂ ಹೇಳೇ. ನಾನು ಅಂಥವಳಲ್ಲ ಅಂತ ಹೇಳೇ."

ಬ್ರೆಂಡಾ ತಂಗಿಯ ಕಡೆ ತಿರುಗಿದಳು. ಕ್ಲಿಫ್ ಕೂಡ ತಿರುಗಿದ. ಹೇಳಬೇಕಾದದ್ದು ಒಂದೇ ಮಾತು, ಹೇಳಬೇಕಾದ ಗಳಿಗೆ ಇದೇ ಎಂದು ಲೊರೇನ್‌ಗೆ ಸ್ಪಷ್ಟವಾಗಿ ಗೊತ್ತಿತ್ತು.

"ಒಪ್ಕೊಂಡ್ಬಿಡು ಗ್ಲೆನಿಸ್," ಎಂದಳು. "ಮುಗಿದುಹೋಗತ್ತೆ."

ಸ್ವಿಚ್ಚು ಟಿಕ್ ಎಂದಿತು. ಗುಂಯ್ ಸದ್ದು ನಿಂತಿತು.

"ನಾನೇ! ನಾನೇ ಮಾಡಿದ್ದು! ಹಾಕು, ದಮ್ಮಯ್ಯ, ಹಾಕು!"

"ನಿದ್ದೆ ಬಂತಾ?"

"ಬಂತು."

"ಹೆಂಗೆ ಬಂತು?"

"ಒಳ್ಳೆ ನಿದ್ದೆ ಬಂತು."

ಬ್ರೆಂಡಾ ಸ್ವಿಚ್ಚು ಹಾಕಿದಳು. ಅತ್ತಳು, ಮೂಗು ಒರೆಸಿಕೊಂಡಳು. ಆಮೇಲೆ ಗ್ಲೆನಿಸಳನ್ನು ಕನ್ನಡಿಯ ಮುಂದಿನ ಕುರ್ಚಿಗೆ ತಳ್ಳಿ, ಪಕ್ಕದಲ್ಲಿದ್ದ ಕ್ಷೌರದ ಸಾಮಾನಿನ ಪುಟ್ಟ ಗಾಡಿಯಿಂದ ಕತ್ತರಿ ಎತ್ತಿಕೊಂಡಳು. "ಇಡೀ ಊರಿಗೆ ಗೊತ್ತಾಗ್ಲಿ. ಲೊರೇನ್, ತಲೆ ಹಿಡ್ಕೊ."

ಲೊರೇನ್ ಹಿಡಿದುಕೊಂಡಳು. ಬೂದು ಕೂದಲ ಕೆಳಗೆ ತಲೆ ಬೆಚ್ಚಗಿತ್ತು, ನಡುಗುತ್ತಿತ್ತು. ಬ್ರೆಂಡಾ ಬುಡಕ್ಕೇ ಕತ್ತರಿ ಹಾಕಿದಳು. ಒಂದೆರಡು ಕುಚ್ಚು ಬಿದ್ದ ಮೇಲೆ ನಡುಕ ಇದ್ದಕ್ಕಿದ್ದಂತೆ ನಿಂತಿತು. ಗ್ಲೆನಿಸ್ ಕಣ್ಣೆತ್ತಿ ಕನ್ನಡಿಯಲ್ಲಿ ನೋಡುತ್ತಿದ್ದಳು. ಬ್ರೆಂಡಾಳನ್ನಲ್ಲ. ತನ್ನ ತಲೆ ಹಿಡಿದವಳನ್ನು. ಮೊದಲು ಅವಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು. ತುಟಿ ತೆರೆಯಿತು.

ಲೊರೇನ್ ಎರಡೂ ಕೈಯಿಂದ ಆ ಮುಖವನ್ನು ಕೆಳಕ್ಕೆ ಅದುಮಿದಳು.

"ಅಲುಗಾಡಬೇಡ ಗ್ಲೆನಿಸ್," ಎಂದಳು. "ಕಿವಿಗೆ ತಾಗೀತು."