ಅಲ್ಪವಿರಾಮಯ್ಯನವರ ಎದೆಬಡಿತ

ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದ ಆ ಮಹಾಶಯರನ್ನು ಎಲ್ಲರೂ ಅಲ್ಪವಿರಾಮಯ್ಯ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಇನ್ನೊಬ್ಬರ ತಪ್ಪು ಹುಡುಕಿ ಪಳಗಿದ ಕಣ್ಣು ಅವರದು. ಐವತ್ತೊಂದು ತುಂಬಿದ ವಾರ ಆ ಕಣ್ಣು ಸ್ವಂತ ದೇಹದ ಮೇಲೆ ಬಿತ್ತು. ಅಲ್ಲಿಗೆ ನೆಮ್ಮದಿಯ ಕಥೆ ಮುಗಿಯಿತು.

ಇದಕ್ಕೆಲ್ಲ ಕಾರಣ ಅವರ ಷಡ್ಡಕ. ಔಷಧದಂಗಡಿ ಇಟ್ಟಿದ್ದ ಆ ಪುಣ್ಯಾತ್ಮ, "ವಯಸ್ಸಾಯ್ತು ಭಾವ, ಇನ್ನು ವ್ಯಾಯಾಮ ಮಾಡ್ಲೇಬೇಕು" ಎಂದು ನಾಡಿ ಎಣಿಸುವ ವಾಚೊಂದನ್ನು ಅವರ ಕೈಗೆ ಕಟ್ಟಿದ. ಹೋಗುವಾಗ ಬಾಗಿಲಲ್ಲಿ ನಿಂತು, "ನೂರೈವತ್ತು ದಾಟಿದ್ರೆ ಮಾತ್ರ ಸ್ವಲ್ಪ ನೋಡ್ಕೊಳ್ಳಿ" ಎಂದು ಬಿಟ್ಟಿ ಎಚ್ಚರಿಕೆಯನ್ನೂ ಕೊಟ್ಟ.

ಮಾರನೆಯ ಬೆಳಗ್ಗೆ ಅವರು ಜಿಮ್‌ನ ಟ್ರೆಡ್‌ಮಿಲ್ ಹತ್ತಿದರು. ವಾಚು ನೂರನಾಲ್ಕು ಎಂದಿತು. ಗಾಬರಿಯಿಂದ ಇನ್ನೊಮ್ಮೆ ನೋಡಿದರು, ನೂರಹದಿನೆಂಟು. ನೋಡಿದ್ದಕ್ಕೇ ಏರಿತೆಂದು ಹೆದರಿದರು, ಹೆದರಿದ್ದಕ್ಕೆ ಇನ್ನಷ್ಟು ಏರಿತು. ನೂರಮೂವತ್ತೈದಕ್ಕೆ ಯಂತ್ರ ನಿಲ್ಲಿಸಿ ಬೆಂಚಿನ ಮೇಲೆ ಅಂಗಾತ ಮಲಗಿಬಿಟ್ಟರು.

"ಸರ್, ಇನ್ನೂ ಮೂರು ನಿಮಿಷ ಆಗಿಲ್ಲ," ಎಂದ ತರಬೇತುದಾರ.

"ನಿಮಗೇನ್ರೀ, ಬಡೀತಿರೋದು ನನ್ನೆದೆ!"

"ಬಡೀಲಿ ಬಿಡಿ ಸರ್. ನಿಂತ್ರೆ ತಾನೆ ಕಷ್ಟ?"

ಸಮಾಧಾನಕ್ಕೆಂದು ಆಡಿದ ಈ ಮಾತು ಅವರ ನಾಲ್ಕು ದಿನದ ನಿದ್ದೆ ಕೆಡಿಸಿತು. ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿದರು. ಎಲ್ಲವೂ ಸರಿಯಿದೆ ಎಂದು ಬರೆದುಕೊಟ್ಟರು. ಆದರೆ ವರದಿಯಲ್ಲಿ ಎರಡು ಅಕ್ಷರದೋಷ ಸಿಕ್ಕಿತು. ಹೆಸರನ್ನೇ ನೆಟ್ಟಗೆ ಬರೆಯಲಾರದವರು ಹೃದಯವನ್ನು ನೆಟ್ಟಗೆ ನೋಡಿಯಾರೇ? ಇನ್ನೊಂದು ಆಸ್ಪತ್ರೆಗೆ ಹೋದರು. ಅಲ್ಲೂ ಸರಿಯಿದೆ ಎಂದಾಗ ಅವರ ಮುಖ ಸಪ್ಪಗಾಯಿತು.

ಮನೆಯಲ್ಲಿ ಅವರಿಗೆ ರಾಜೋಪಚಾರ. ಬಾಗುವಂತಿಲ್ಲ, ಭಾರ ಎತ್ತುವಂತಿಲ್ಲ. ಒಗೆದ ಬಟ್ಟೆಯ ಬಕೆಟ್ಟು ಹೊತ್ತು ಮೂರು ಮಹಡಿ ಹತ್ತಿ ತಾರಸಿಗೆ ಹೋಗುತ್ತಿದ್ದವಳು ಹೆಂಡತಿ. ಪ್ರತಿ ಮಹಡಿಯಲ್ಲೂ ಅವಳು ನಿಲ್ಲುವುದನ್ನು ಕಂಡು, ಅಕ್ಕಪಕ್ಕದವರ ಜೊತೆ ಹರಟೆ ಎಂದುಕೊಂಡರು. ಅವಳೀಗ ಮೂರು ದಿಂಬು ಪೇರಿಸಿ ಒರಗಿ ಮಲಗುತ್ತಿದ್ದಳು. ಅದರಲ್ಲೊಂದು ತಮ್ಮದು ಎಂಬ ದೂರನ್ನೂ ದಾಖಲಿಸಿದ್ದರು.

ಕೊನೆಗೆ ದೊಡ್ಡ ವೈದ್ಯರು, ಇವರ ಕಾಟ ತಾಳಲಾರದೆಯೋ ಏನೋ, ಓಡಿಸಿಯೇ ಪರೀಕ್ಷೆ ಮಾಡೋಣ ಎಂದರು. ಹೆಂಡತಿ ವರದಿಗಳ ಚೀಲ ಹಿಡಿದು ಜೊತೆಗೆ ಹೊರಟಳು. ಆಸ್ಪತ್ರೆಯ ಲಿಫ್ಟಿನಲ್ಲಿ ಒಬ್ಬರಿಗಷ್ಟೇ ಜಾಗವಿತ್ತು. ಹೃದಯದ ರೋಗಿಯಾದ್ದರಿಂದ ಅಲ್ಪವಿರಾಮಯ್ಯ ಹತ್ತಿದರು. ಅವಳು ಮೆಟ್ಟಿಲು ಹಿಡಿದಳು.

ಎದೆಗೆಲ್ಲ ವೈರು ಅಂಟಿಸಿಕೊಂಡು ಒಂಬತ್ತು ನಿಮಿಷ ಓಡಿದ ಮೇಲೆ ವೈದ್ಯರು, "ಕುದುರೆ ಹಾಗಿದ್ದೀರಿ. ಭಯ ಒಂದು ಬಿಟ್ರೆ ನಿಮಗೆ ಬೇರೆ ಕಾಯಿಲೆ ಇಲ್ಲ" ಎಂದರು. ವರದಿಯನ್ನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ನರ್ಸಮ್ಮ ಬಾಗಿಲು ತಳ್ಳಿ ಬಂದರು.

"ಡಾಕ್ಟ್ರೇ, ಇವರ ಮನೆಯವರನ್ನ ಒಂದ್ಸಲ ನೋಡ್ತೀರಾ? ಮೆಟ್ಟಿಲು ಹತ್ತಿ ಬಂದೋರು ಇನ್ನೂ ಗೋಡೆ ಹಿಡ್ಕೊಂಡೇ ಇದ್ದಾರೆ. ಪಾದ ಬೇರೆ ಊದಿದೆ."

ವೈದ್ಯರು ಅವಳ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಆಲಿಸಿದರು.

"ಈ ಏದುಸಿರು ಎಷ್ಟು ದಿನದಿಂದ ಅಮ್ಮಾ?"

"ಎಂಟು ತಿಂಗಳಾಯ್ತೇನೋ."

"ಮನೇಲಿ ಯಾರಿಗೂ ಹೇಳ್ಲಿಲ್ವಾ?"

ವೈರು ಇಳಿಬಿಟ್ಟುಕೊಂಡು ನಿಂತಿದ್ದ ಗಂಡನತ್ತ ಅವಳು ನೋಡಿದಳು. "ಮನೇಲಿ ಆಗ್ಲೇ ಒಂದು ಹೃದಯದ್ದು ನಡೀತಿತ್ತಲ್ಲ ಡಾಕ್ಟ್ರೇ. ಎರಡೆರಡು ಯಾಕೆ ಅಂತ ಸುಮ್ನಿದ್ದೆ."

ಸ್ಕ್ಯಾನ್ ಮಾಡಿಸಿದಾಗ ಅವಳ ಹೃದಯದ ಕವಾಟ ಕಿರಿದಾಗಿದ್ದು ಕಂಡಿತು. ಇನ್ನೂ ತಡಮಾಡಿದ್ದರೆ ಕೈಮೀರುತ್ತಿತ್ತು ಎಂದರು. ದಿಂಬಿನ ಸಂಗತಿ ನೆನಪಾಗಿ ಅಲ್ಪವಿರಾಮಯ್ಯನವರಿಗೆ ತಲೆಯೆತ್ತಲಾಗಲಿಲ್ಲ. ಆ ದಿನ ಚೀಲವನ್ನು ಅವರೇ ಹೊತ್ತರು. ಈ ಮಹತ್ಕಾರ್ಯವನ್ನು ಯಾರೂ ಗಮನಿಸಲಿಲ್ಲ.

ಎರಡು ವಾರಕ್ಕೆ ಶಸ್ತ್ರಚಿಕಿತ್ಸೆ ಆಯಿತು. ಅವಳು ಚೇತರಿಸಿಕೊಂಡಳು. ಒಂದೂವರೆ ತಿಂಗಳ ನಂತರ ದಿನಾ ಬೀದಿಯಲ್ಲಿ ಹತ್ತು ನಿಮಿಷ ನಡೆಯಲು ಹೇಳಿದರು. ಗಂಡ ಮೊಣಕೈ ಹಿಡಿದು ಜೊತೆಗಿದ್ದರು.

"ಸುಸ್ತಾಯ್ತಾ?" ನಾಲ್ಕು ಹೆಜ್ಜೆಗೆ ಕೇಳಿದರು.

"ಇಲ್ಲ."

"ಈಗ?"

"ನಡೆದು ಸುಸ್ತಾಗಿಲ್ಲಾರೀ, ನಿಮಗೆ ಉತ್ತರ ಕೊಟ್ಟು ಸುಸ್ತಾಗ್ತಿದೆ."

ಅಲ್ಪವಿರಾಮಯ್ಯ ಬಾಯಿ ಮುಚ್ಚಿಕೊಂಡು ಬೀದಿಯ ತಿರುವಿನವರೆಗೂ ನಡೆದರು. ಅಲ್ಲಿ ಅವಳು ಕೈ ಬಿಡಿಸಿಕೊಂಡು ಎರಡು ಹೆಜ್ಜೆ ಮುಂದಾದಳು.